ಬಾಗಿಲ ಬಳಿಯ ಜಾಗ

ಬೈಲಹೊಂಗಲದ ಆ ಓಣಿಯಲ್ಲಿ ಮುದುಕಿ ತಾರಾಬಾಯಿ ತನ್ನ ಮನೆಯ ಹೊರಮೆಟ್ಟಿಲಿಂದ ಬಿದ್ದು ಸತ್ತದ್ದು ಮಂಗಳವಾರ ಮಧ್ಯಾಹ್ನ. ಎದುರಿನ ರೊಟ್ಟಿ ಕೇಂದ್ರದಲ್ಲಿ ಆಗ ಮೂವರು ಹೆಂಗಸರಿದ್ದರು: ಶಟ್ಟೆವ್ವ, ಕೃಷ್ಣವ್ವ, ಗುರುಬಸವ್ವ. ಒಬ್ಬಳು ಬಾಗಿಲ ಬಳಿ ಹಿಟ್ಟು ನಾದುವುದು, ಒಬ್ಬಳು ನಡುವೆ ಕುಳಿತು ಬಡಿಯುವುದು, ಒಬ್ಬಳು ಹಿಂಗೋಡೆಗೆ ಮುಖ ಮಾಡಿ ಒಲೆಯ ಮುಂದೆ ಬೇಯಿಸುವುದು. ಒಲೆಯ ಝಳ ಒಬ್ಬಳ ಹಣೆಗೇ ಕಟ್ಟಿದ್ದಲ್ಲವಲ್ಲ, ದಿನಕ್ಕೊಮ್ಮೆ ಜಾಗ ಬದಲಿಸುತ್ತಿದ್ದರು.

ಪೊಲೀಸರು ಬರಲು ಒಂದು ತಾಸು ಹಿಡಿಯಿತು. ಅಷ್ಟು ಹೊತ್ತು ಮೂವರೂ ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದರು. ಸುಮ್ಮನೆ ಕೂರುವ ಬಾಯಿಗಳೇ ಅವು?

"ಮುದುಕಿ ತಾನಾಗೇ ಬಿದ್ದಿಲ್ಲ ತಗೋ. ಹಿಂದ ಯಾರೋ ಇದ್ದಂಗಿತ್ತು."

"ಗಂಡಸು. ನೀಲಿ ಅಂಗಿ."

"ಹೌದವಾ, ನೀಲಿ ಅಂಗಿನ. ಬೆನ್ನಮ್ಯಾಗ ಕೈ ಇಟ್ಟಿದ್ದ."

ಯಾವ ಮಾತು ಯಾರ ಬಾಯಿಂದ ಬಂತೋ ಆಮೇಲೆ ಯಾರಿಗೂ ನೆನಪಿರಲಿಲ್ಲ. ತಾರಾಬಾಯಿಯ ಮಹಡಿಯಲ್ಲಿ ಬಾಡಿಗೆಗಿದ್ದ ಶ್ರೀಶೈಲ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಅಲ್ಲಿಯವರಿಗೆಲ್ಲ ನೀಲಿ ಅಂಗಿ. ಅಂದು ಬೆಳಿಗ್ಗೆಯಷ್ಟೇ ನಲ್ಲಿ ನೀರಿಗಾಗಿ ಮುದುಕಿಯ ಜೊತೆ ಜಗಳವಾಡಿದ್ದು ಓಣಿಗೆಲ್ಲ ಕೇಳಿತ್ತು. ಮೂರು ಬಾಯಿ, ಒಂದೇ ಮಾತು. ಪೊಲೀಸರಿಗೆ ಇನ್ನೇನು ಬೇಕು? ಸವದತ್ತಿಗೆ ಮಾಲು ಇಳಿಸಲು ಹೋಗಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಡಿದು ಒಳಗೆ ಹಾಕಿದರು.

ದಿನಾ ರೊಟ್ಟಿ ಬಡಿಯುತ್ತ ಅದೇ ಮಾತು. ಮಾತಾಡಿದಂತೆಲ್ಲ ಶಟ್ಟೆವ್ವನಿಗೆ ನೋಡಿದ್ದು ನಿಚ್ಚಳವಾಗುತ್ತ ಹೋಯಿತು. ಮೊದಲ ದಿನ ಬರೀ ಅಂಗಿ ಕಂಡಿತ್ತು. ಮೂರನೆಯ ದಿನಕ್ಕೆ ಅಂಗಿಯ ತೋಳು ಮಡಚಿದ್ದು, ಬೆರಳಿನ ಉಂಗುರ ಕಂಡವು. ಐದನೆಯ ದಿನ, ಹಿಟ್ಟು ನಾದುತ್ತ ಕುಳಿತಿದ್ದಾಗ, ನೆನಪಿನೊಳಗಿನ ಆ ಗಂಡಸು ಮುದುಕಿಯನ್ನು ನೂಕಿ, ನಿಧಾನವಾಗಿ ಇತ್ತ ತಿರುಗಿ ಅವಳನ್ನೇ ನೋಡಿದ. ಶ್ರೀಶೈಲನ ಮುಖ. ಅಂದಿನಿಂದ ಅವನು ದಿನಾ ತಿರುಗತೊಡಗಿದ, ದಿನಾ ಒಂದಿಷ್ಟು ಹೆಚ್ಚು ಹೊತ್ತು ನೋಡತೊಡಗಿದ. ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಶ್ರೀಶೈಲನ ಹೆಂಡತಿ ಸಪ್ನಾ ಒಂದು ದಿನ ಬಾಗಿಲಲ್ಲಿ ಬಂದು ನಿಂತಳು. ಆರು ತಿಂಗಳ ಬಸುರಿ.

"ಅಕ್ಕಾರ, ದೇವ್ರ ಮ್ಯಾಲ ಆಣಿ ಮಾಡಿ ಹೇಳ್ರಿ. ಖರೇನ ನೋಡಿರೇನ್ರಿ? ನಿಮ್ಮ ಒಂದು ಮಾತಿನಾಗ ನನ್ನ ಸಂಸಾರ ಐತ್ರಿ."

"ಈ ಕಣ್ಣಿಲೆ ನೋಡೇನವಾ," ಎಂದಳು ಶಟ್ಟೆವ್ವ. ಹೇಳುವಾಗ ಅವಳಿಗೂ ಅಳು ಬಂತು. ಸುಳ್ಳು ಹೇಳುವ ಹೆಂಗಸಲ್ಲ ಅವಳು, ಅದೇ ಕೆಟ್ಟದ್ದು.

ಎರಡು ವಾರದ ಮೇಲೆ ಠಾಣೆಗೆ ಹೊಸ ಪಿಎಸ್‌ಐ ಬಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಯವನು. ರೊಟ್ಟಿ ಕೇಂದ್ರದ ನಡುವೆ ನಿಂತು, "ಆ ದಿವಸ ಎಲ್ಲೆಲ್ಲಿ ಕುಂತಿದ್ರಿ, ಹಂಗ ಕುಂತ್ ತೋರಸ್ರಿ," ಎಂದ.

ಮೂವರೂ ಎದ್ದು ಹೋಗಿ ಬಾಗಿಲ ಬಳಿಯ ಒಂದೇ ಜಾಗದಲ್ಲಿ ಕೂರಲು ಬಗ್ಗಿದರು.

ಮೊಣಕೈಗೆ ಮೊಣಕೈ ತಾಗಿ ನಿಂತರು. ಯಾರೂ ನಗಲಿಲ್ಲ.

"ಹಂಗಾದ್ರ ಒಲಿ ಮುಂದ ಯಾರಿದ್ರಿ?"

ಶಟ್ಟೆವ್ವನ ಕಣ್ಣು ತನ್ನ ಮುಂಗೈಯ ಮೇಲೆ ಬಿತ್ತು. ಅಂದು ಧೊಪ್ಪೆಂಬ ಸದ್ದಿಗೆ ಬೆಚ್ಚಿದಾಗ ಕಾದ ಹಂಚು ತಗಲಿ ಎದ್ದ ಬೊಬ್ಬೆ ಈಗ ಒಣಗಿ ಕಪ್ಪಗಾಗಿತ್ತು. ಅವಳು ಹೋಗಿ ಒಲೆಯ ಮುಂದೆ ಕುಳಿತಳು. ಎದುರಿಗೆ ಮಸಿ ಹಿಡಿದ ಗೋಡೆ. ಮೆಟ್ಟಿಲಿಲ್ಲ, ಮುದುಕಿಯಿಲ್ಲ, ಓಣಿಯೇ ಇಲ್ಲ.

"ನಾ ನೋಡಿಲ್ರೀ ಸಾಹೇಬ್ರ," ಎಂದಳು. ದನಿ ಬೇರೆ ಯಾರದೋ ಎನಿಸಿತು. "ಇಲ್ಲಿಂದ ಏನೂ ಕಾಣಂಗಿಲ್ರಿ."

ಕೃಷ್ಣವ್ವ ರೊಟ್ಟಿ ಬಡಿಯುವ ಜಾಗಕ್ಕೆ ಸರಿದಳು. ಅಲ್ಲಿಂದ ಕದದ ಹಿಂಬದಿಯಷ್ಟೇ ಕಾಣುತ್ತಿತ್ತು. ಬಾಗಿಲ ಬಳಿ ಉಳಿದ ಗುರುಬಸವ್ವ ಸೆರಗು ಬಾಯಿಗೊತ್ತಿ ಅತ್ತಳು. "ಸಪ್ಪಳಾದ ಮ್ಯಾಲ ನಾ ತಲಿ ಎತ್ತಿದೆ. ಆಗಲೇ ಆಯಿ ನೆಲದ ಮ್ಯಾಲ ಇದ್ಲು. ಯಾರೋ ಇದ್ದ ಅಂತ ನೀವಿಬ್ರೂ ಅಂದ್ರೆಲ್ಲ, ನಾನೂ ಹೌದಂದೆ."

"ನಾವಲ್ಲವಾ, ನೀ ಮೊದಲ ಅಂದಿ," ಎಂದರು ಇವರಿಬ್ಬರೂ ಒಟ್ಟಿಗೆ. ಯಾರು ಅಂದದ್ದೆಂದು ಇಂದಿಗೂ ತಿಳಿದಿಲ್ಲ.

ಸವದತ್ತಿಯ ಅಂಗಡಿಯೊಂದರ ಕ್ಯಾಮೆರಾ ತೆಗೆಸಿ ನೋಡಿದರು. ಮುದುಕಿ ಬಿದ್ದ ಹೊತ್ತಿಗೆ ಶ್ರೀಶೈಲ ಅಲ್ಲಿ ಬೀಜದ ಚೀಲ ಇಳಿಸುತ್ತಿದ್ದ. ಅದಾದ ನಾಲ್ಕು ದಿನಕ್ಕೆ ಅವನ ಬಿಡುಗಡೆಯಾಯಿತು. ಬಂದವನೇ ಹೆಂಡತಿಯನ್ನು ಕರೆದುಕೊಂಡು ರೊಟ್ಟಿ ಕೇಂದ್ರದ ಬಾಗಿಲಿಗೆ ಬಂದ.

"ಅಕ್ಕಾರ, ನೀವು ಖರೇ ಹೇಳಿದ್ದಕ್ಕ ನಾ ಉಳದೇನ್ರಿ," ಎಂದು ಶಟ್ಟೆವ್ವನ ಕಾಲು ಮುಟ್ಟಲು ಬಗ್ಗಿ ಕೈ ಚಾಚಿದ.

ಶಟ್ಟೆವ್ವ ಚೀರಿ ಹಿಂದೆ ಸರಿದಳು. ಹಿಟ್ಟಿನ ಪರಾತ ಮಗುಚಿ ಬಿತ್ತು. ಅವನು ಗಾಬರಿಯಾಗಿ ಕೈ ಹಿಂದೆ ತೆಗೆದುಕೊಂಡು, ಸಪ್ನಾಳ ಕಡೆ ನೋಡಿ, ನಿಧಾನವಾಗಿ ಶಟ್ಟೆವ್ವನತ್ತ ತಿರುಗಿದ.

"ನೀ ಮಾಡಿಲ್ಲ ತಮ್ಮಾ, ನನಗ ಗೊತ್ತೈತಿ," ಎಂದಳು ಅವಳು, ಗೋಡೆಗೆ ಒತ್ತಿಕೊಂಡು. "ಆದ್ರ ನೀ ನೂಕಿದ್ದು ನಾ ನೋಡೇನೋ."