ಬೀರುವಿನ ಮೇಲಿನ ಧೂಳು

ನನ್ನ ಎತ್ತರ ಮೂರೂಕಾಲು ಅಡಿ. ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ನಾನು ಚೋಟಕ್ಕ. ಹತ್ತೊಂಬತ್ತು ವರ್ಷದಿಂದ ಹಾಸ್ಯ ಸಿನಿಮಾಗಳಲ್ಲಿ ನನಗೆ ಒಂದೇ ಕೆಲಸ: ಯಾರಾದರೂ ನನ್ನನ್ನು ಎತ್ತಿ ಎಲ್ಲಾದರೂ ಇಡುತ್ತಾರೆ, ನಾನು ಕಿರುಚುತ್ತೇನೆ. ಡ್ರಮ್ಮಿನೊಳಗೆ ಇಟ್ಟಿದ್ದಾರೆ, ಸೂಟ್‌ಕೇಸಿನೊಳಗೆ ಇಟ್ಟಿದ್ದಾರೆ, ಒಮ್ಮೆ ಫ್ರಿಜ್ಜಿನಲ್ಲೂ ಇಟ್ಟರು. ಹೊಟ್ಟೆಪಾಡು ನೋಡಿ, ತೆಪ್ಪಗೆ ಕೂತೆ.

ಹನ್ನೆರಡು ವರ್ಷದ ನನ್ನ ಮಗಳದು ನನ್ನದೇ ಅಚ್ಚು, ನನ್ನದೇ ಮೈಕಟ್ಟು. ಶಾಲೆಯ ಮಕ್ಕಳು ನನ್ನ ಸಿನಿಮಾ ನೋಡಿಕೊಂಡು ಬಂದು ಅವಳನ್ನು ಎತ್ತಿ ಕಿಟಕಿಯಲ್ಲಿ ಕೂರಿಸುತ್ತಿದ್ದರು. ಆಸ್ಪತ್ರೆಯ ಕಥೆಯೊಂದರಲ್ಲಿ ಹೆಡ್ ನರ್ಸ್ ಪಾತ್ರ ಸಿಕ್ಕಿತೆಂದು ನಾನು ಕುಣಿಯುತ್ತ ಮನೆಗೆ ಬಂದರೆ, ಅವಳು ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ.

"ಇದ್ರಲ್ಲೂ ನಿನ್ನ ಎತ್ತುತಾರಾ?"

"ಇಲ್ಲ ಪುಟ್ಟಾ. ಅಲ್ಲಿ ನಾನೇ ಹೆಡ್ಡು. ನಾನು ಹೇಳಿದ್ದೇ ನಡೆಯೋದು."

"ಎತ್ತಿದ್ರೆ ನಾನು ಆ ಸ್ಕೂಲಿಗೆ ಕಾಲಿಡಲ್ಲ. ಈಗ್ಲೇ ಹೇಳಿದೀನಿ."

ಮಾತು ಕೊಟ್ಟೆ. ಮೂರನೆಯ ದಿನ ಸೀನ್ ಪೇಪರ್ ಕೈಗೆ ಬಂತು. ಹೀರೋ ಹೆಡ್ ನರ್ಸನ್ನು ಎತ್ತಿ ಔಷಧಿ ಬೀರುವಿನ ಮೇಲೆ ಕೂರಿಸುತ್ತಾನೆ, ಆಕೆ ಕಿರುಚುತ್ತಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

ಡೈರೆಕ್ಟರ್ ಮೇಡಂ ಇನ್ನೂ ಚಿಕ್ಕವಳು. ಮುಖ ಸಣ್ಣದು ಮಾಡಿಕೊಂಡು ಹೇಳಿದಳು: "ಚೋಟಕ್ಕ, ನನಗೂ ಇಷ್ಟ ಇಲ್ಲ. ದುಡ್ಡು ಹಾಕಿರೋ ಕಂಪನಿಯವ್ರು ಇಲ್ಲೊಂದು ನಗು ಬೇಕೇ ಬೇಕು ಅಂತ ಪಟ್ಟು ಹಿಡಿದಿದಾರೆ."

ಕಂಪನಿಯವರ ತಲೆ! ನಾನು ಬಿಟ್ಟು ಹೋದರೆ ಇನ್ನೊಬ್ಬಳನ್ನು ಕರೆಸಿ ಎತ್ತುತ್ತಾರೆ. ಯಾರನ್ನೆತ್ತಿದರೂ ಶಾಲೆಯಲ್ಲಿ ಅನುಭವಿಸುವವಳು ನನ್ನ ಮಗಳೇ. ಹಲ್ಲು ಕಚ್ಚಿಕೊಂಡು ಹೋಗಿ ನಿಂತೆ.

ನಮ್ಮ ಸೆಟ್ಟಿನಲ್ಲಿ ಒಂದು ಕಟ್ಟಳೆಯಿದೆ. ಟೇಕ್ ನಡೆಯುವಾಗ ನಕ್ಕು ಕೆಡಿಸಿದವರು ಅಷ್ಟೂ ಜನಕ್ಕೆ ಟೀ ಹಂಚಬೇಕು. ಎಲ್ಲರೂ ಒಮ್ಮೆಯಾದರೂ ಹಂಚಿದವರೇ, ಸೌಂಡಣ್ಣನೊಬ್ಬನನ್ನು ಬಿಟ್ಟು. ಕಿವಿಗೆ ಹೆಡ್‌ಫೋನ್, ಬಾಯಿಗೆ ಟವೆಲ್. ಮಾತು ರೆಕಾರ್ಡ್ ಮಾಡುವವನು ನಗಬಾರದೆಂದು ಆ ಟವೆಲನ್ನು ಕಚ್ಚಿಕೊಂಡೇ ಕೂರುತ್ತಾನೆ.

ಮೊದಲ ಟೇಕ್. ಹೀರೋ "ಸಾರಿ ಅಕ್ಕಾ" ಎಂದು ಪಿಸುಗುಟ್ಟಿ ಎತ್ತಿದ. ಕಿರುಚಿದೆ. ಎರಡನೆಯದೂ ಅದೇ ಕಥೆ. ಮೂರನೆಯ ಸಲ ಬೀರುವಿನ ಮೇಲೆ ಕೈಯೂರಿದರೆ ಅಂಗೈ ತುಂಬ ಧೂಳು. ಎಲ್ಲಿತ್ತೋ ಆ ಸಿಟ್ಟು, ಕಿರುಚುವುದು ಮರೆತೇಹೋಯಿತು.

"ಯಾರ್ರೀ ಇವತ್ತು ಡ್ಯೂಟಿ? ಹೆಡ್ ನರ್ಸ್ ಕುಳ್ಳಿ, ಬೀರು ಮೇಲೆ ಯಾರು ನೋಡ್ತಾರೆ ಅಂತ ಧೈರ್ಯಾನಾ? ಒರೆಸ್ರೀ!"

ಮೂಲೆಯಿಂದ ದೊಡ್ಡದೊಂದು ನಗು ಸಿಡಿಯಿತು. ನೋಡಿದರೆ ಸೌಂಡಣ್ಣ! ಟವೆಲ್ ನೆಲದ ಮೇಲೆ ಬಿದ್ದಿತ್ತು.

"ಅಣ್ಣಾ, ನೀವಾ?" ಎಂದಳು ಮೇಡಂ.

"ತಪ್ಪಾಯ್ತು ಮೇಡಂ, ಟೀ ನಂದೇ. ಆದ್ರೆ ಇದನ್ನೊಂದು ಸಲ ಕೇಳಿ." ಹೆಡ್‌ಫೋನನ್ನು ಅವಳ ಕಿವಿಗಿಟ್ಟು ಮೂರು ಟೇಕುಗಳನ್ನೂ ಹಾಕಿದ. "ಮೂಗಲ್ಲಿ ನಕ್ರೂ ನನ್ನ ಮೈಕಿಗೆ ಬೀಳುತ್ತೆ. ಅವರನ್ನ ಎತ್ತಿದಾಗ ಒಬ್ರಾದ್ರೂ ನಕ್ಕಿದಾರಾ? ಎಲ್ರಿಗೂ ಮುಜುಗರ. ನಗು ಬಂದಿದ್ದು ಚೋಟಕ್ಕನ ಮಾತಿಗೆ."

ಮೇಡಂ ಇನ್ನೊಮ್ಮೆ ಕೇಳಿದಳು. ಹೆಡ್‌ಫೋನ್ ತೆಗೆದಾಗ ಅವಳ ಮುಖವೇ ಬೇರೆಯಾಗಿತ್ತು.

"ಲೈಟಿನವರ ಏಣಿ ತನ್ನಿ. ಚೋಟಕ್ಕನೇ ಹತ್ತಲಿ. ಕಂಪನಿಯವ್ರಿಗೆ ಈ ನಗು ಕಳಿಸ್ತೀನಿ, ಕೇಳ್ಕೊಳ್ಳಲಿ."

ನಾನೇ ಹತ್ತಿದೆ. ಒಂದೊಂದು ಮೆಟ್ಟಿಲನ್ನೂ ಗತ್ತಿನಿಂದ ಹತ್ತಿದೆ. ಆಮೇಲೆ ಸೌಂಡಣ್ಣ ನಲವತ್ತು ಜನಕ್ಕೆ ಟೀ ಹಂಚಿ ಕೊನೆಯ ಲೋಟ ನನಗೆ ತಂದುಕೊಟ್ಟ. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಣ್ಣಾ" ಎಂದು ಹರಸಿ ಗುಟುಕರಿಸಿದೆ. ಮನೆಗೆ ಹೋಗಿ ಮಗಳಿಗೆ ಅವನ ಟವೆಲಿನ ಕಥೆಯನ್ನೆಲ್ಲ ಹೇಳಿದೆ. ಅವಳು ನಂಬಲಿಲ್ಲ.

ಸಿನಿಮಾ ಬಂತು. ಥಿಯೇಟರಿನ ತೆರೆಯ ಮೇಲೆ ಹೀರೋ ನನ್ನ ಹತ್ತಿರ ಬಂದಾಗ ಮಗಳ ಉಗುರು ನನ್ನ ತೋಳಿಗೆ ನಾಟಿತು. ನಾನು ಅವನನ್ನು ಪಕ್ಕಕ್ಕೆ ಸರಿಸಿ ಏಣಿ ಹತ್ತಿದೆ. "ಒರೆಸ್ರೀ!" ಎಂದದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಅವಳ ಹಿಡಿತ ಸಡಿಲಾಯಿತು. ಆದರೆ ಅವಳು ನಗಲಿಲ್ಲ, ಸೋಮವಾರ ಶಾಲೆಯಲ್ಲಿ ಏನಾಗುತ್ತದೋ ಎಂದು ಕಾಯುತ್ತಿದ್ದಳು.

ಸೋಮವಾರ ಸಂಜೆ ನಾನು ಬಾಗಿಲಲ್ಲೇ ನಿಂತಿದ್ದೆ.

"ಎತ್ತಿದ್ರಾ?"

"ಇಲ್ಲಮ್ಮ. ನಾನೇ ಸ್ಟೂಲ್ ಹತ್ತಿ, ಬೋರ್ಡ್ ಮೇಲ್ಗಡೆ ಕೈಯಾಡ್ಸಿ, ಯಾರ್ರೀ ಇವತ್ತು ಡ್ಯೂಟಿ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ತು. ನಾನು ಅಂದಿದ್ದಕ್ಕೆ ನಕ್ಕಿದ್ದಮ್ಮ."

ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು. ಸೀಮೆಸುಣ್ಣದ ಪುಡಿ ಮೆತ್ತಿತ್ತು. ಕೈ ತೊಳೆದುಕೋ ಎಂದೆ.

"ಊಹೂಂ. ಸೌಂಡ್ ಮಾಮಂಗೆ ತೋರ್ಸೋವರೆಗೂ ತೊಳ್ಕೊಳಲ್ಲ."