ಮುದುಕಪ್ಪ ಮಾವನ ಸಹಿ

ಒಂದೇ ಒಂದು ಕಾಗದ ಬಿಟ್ಟು ಉಳಿದದ್ದೆಲ್ಲ ನೇತ್ರಾವತಿಯ ನೀಲಿ ಫೈಲಿಗೆ ಬಂದು ಸೇರಿತ್ತು. ಜನನ ಪತ್ರದಲ್ಲಿ 'ನೇತ್ರಮ್ಮ' ಎಂದಿದ್ದ ಹೆಸರನ್ನು ತಿದ್ದಿಸಲು ರಾಯಚೂರಿಂದ ದೇವದುರ್ಗಕ್ಕೆ ನಾಲ್ಕು ಸಲ ಬಸ್ಸು ಹತ್ತಿದ್ದಳು. ಅಪ್ಪನ ಮರಣ ಪತ್ರ, ಅವ್ವ ಅಯ್ಯಮ್ಮನ ಹೆಬ್ಬೆಟ್ಟು ಒತ್ತಿದ ಪ್ರಮಾಣ ಪತ್ರ, ಎಲ್ಲವೂ ತಯಾರು. ಬಾಕಿ ಇದ್ದದ್ದು ತಂದೆಯ ಜಾಗದಲ್ಲಿ ನಿಂತ ಹಿರಿಯನೊಬ್ಬ ಮಾಡಬೇಕಾದ ಅಫಿಡವಿಟ್ಟು. 'ಇವಳಿಗೆ ಇದುವರೆಗೆ ಯಾವ ಪದ್ಧತಿಯಿಂದಲೂ ಮದುವೆಯಾಗಿಲ್ಲ, ಬೇರೆ ಯಾರಿಗೂ ಇವಳನ್ನು ಕೊಡುವುದಾಗಿ ಮಾತು ಕೊಟ್ಟಿಲ್ಲ' ಎಂಬ ಎರಡು ಸಾಲು, ಕೆಳಗೆ ಒಂದು ಸಹಿ.

ಮದುವೆ ಜರ್ಮನಿಯಲ್ಲಿ. ಮದುಮಗ, ಮಾನ್ವಿಯ ಅಮೋಘಸಿದ್ದ, ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ನರ್ಸು. ಕೆಲಸದ ಪರವಾನಗಿ ಹೊಸದಾಗುವವರೆಗೆ ಅವನು ಊರಿಗೆ ಬರುವಂತಿರಲಿಲ್ಲ. ಅಲ್ಲಿನ ಕಚೇರಿ ಕೊಟ್ಟ ತಾರೀಖು ಉಳಿಯಬೇಕಾದರೆ ಶುಕ್ರವಾರದೊಳಗೆ ಕಾಗದ ಕೊರಿಯರಿಗೆ ಹೋಗಬೇಕು. ತಪ್ಪಿದರೆ ಮುಂದಿನ ತಾರೀಖು ಏಳು ತಿಂಗಳಾಚೆ.

ಸಹಿ ಹಾಕಬೇಕಾದವನು ಅವ್ವನ ತಮ್ಮ ಮುದುಕಪ್ಪ. ನೇತ್ರಾವತಿಗೆ ಎಂಟು ವರ್ಷವಿದ್ದಾಗ ಅಪ್ಪ ತೀರಿಕೊಂಡ ಮೇಲೆ ಪ್ರತಿ ಜೂನ್‌ನಲ್ಲಿ ಒಂದು ಟಗರು ಮಾರಿ ಅವಳನ್ನು ಬಿ.ಕಾಂ. ತನಕ ಓದಿಸಿದ ಮಾವ. ಅಂಥವನು ಮೂರು ಸಲ ಬರುತ್ತೇನೆಂದು ಹೇಳಿ ಬರಲಿಲ್ಲ. ಮೊದಲ ಸಲ ಕುರಿಗೆ ಬಾಯಿಬೇನೆ. ಎರಡನೇ ಸಲ ಬಸ್ಸು ತಪ್ಪಿತು. ಮೂರನೇ ಸಲ ನೆವವನ್ನೂ ಹೇಳದೆ ಫೋನು ಆರಿಸಿದ.

ಯಾಕೆಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವಳ ಬಾಯಿ ಮೊದಲಿಂದ ಹಾಗೆಯೇ, ಮಾತು ಗಂಟಲ ತನಕ ಬಂದು ತಿರುಗಿ ಹೋಗುತ್ತಿತ್ತು. ಆದರೂ ಗುರುವಾರ ಬೆಳಿಗ್ಗೆ ಎದ್ದು ಸಿರವಾರದ ಬಸ್ಸು ಹತ್ತಿದಳು. ಕೊಯ್ಲಾದ ಭತ್ತದ ಗದ್ದೆಯಲ್ಲಿ ಮಾವ ಕುರಿ ನಿಲ್ಲಿಸಿದ್ದ. ಅವನು ಮಂದೆ ಹೊಡೆದುಕೊಂಡು ದೂರ ಹೋಗಿದ್ದ. ಬಲೆಯ ಬೇಲಿಯ ಹತ್ತಿರ ಅವನ ಹೆಂಡತಿ ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಬಾರವ್ವ ನನ್ನ ಸವತಿ! ಗಂಡನ್ನ ಹುಡುಕ್ಕೊಂತ ಬಂದೇನು?"

ಇದು ಹದಿನೈದು ವರ್ಷದ ಹಳೆಯ ತಮಾಷೆ. ನೇತ್ರಾವತಿ ತೊಟ್ಟಿಲಲ್ಲಿದ್ದಾಗ ಹಿರಿಯರು ಹದಿನಾಲ್ಕರ ಮುದುಕಪ್ಪನ ಕೈಯಿಂದ ಒಂದು ಬೆಳ್ಳಿ ಉಡದಾರವನ್ನು ಕೂಸಿನ ನಡುವಿಗೆ ಕಟ್ಟಿಸಿದ್ದರು. ಅಕ್ಕನ ಮಗಳು ತಮ್ಮನಿಗೇ ಎಂದು ಮಾತು. ಆಮೇಲೆ ಅವನು ಬಂಡೆಮ್ಮನನ್ನು ಮದುವೆಯಾದ, ಎರಡು ಮಕ್ಕಳಾದವು, ಮಾತು ನಗೆಯಾಗಿ ಉಳಿಯಿತು.

"ಅತ್ತಿ, ಮಾವಗ ನನ್ನ ಮ್ಯಾಲ ಸಿಟ್ಟೇನು?"

ಬಂಡೆಮ್ಮ ಹಿಟ್ಟಿನ ಕೈ ಹಾಗೇ ಹಿಡಿದು ನೋಡಿದಳು. "ಸಿಟ್ಟೆಲ್ಲಿಂದು ಬೇ? ಆಣಿ ಮಾಡಾಕ ಅಂಜ್ಯಾನ. ಯಾರಿಗೂ ಮಾತು ಕೊಟ್ಟಿಲ್ಲ ಅಂತ ಬರ್ದೀಯಂತಲ್ಲ ಅದರಾಗ. ತಾನಾ ಕಟ್ಟಿದ ಉಡದಾರ ಇನ್ನೂ ನಿಮ್ಮ ಮನ್ಯಾಗ ಅದ."

"ಅದೇನ್ ಅತ್ತಿ, ಹಳೇ ಕಾಲದ್ದು..."

"ನಮ್ಮಾಗ ಹುಡುಗಿ ಕಡಿಂದ ಉಡದಾರ ತಿರುಗಿ ಬಂದ್ರೇನೇ ಮಾತು ಬಿಟ್ಟಂಗ. ನನ್ನ ಲಗ್ನದ ಹೊತ್ತಿಗೇ ಬರಬೇಕಿತ್ತು. ಅದೇ ವರ್ಷ ನಿಮ್ಮಪ್ಪ ತೀರಿಕೊಂಡ. ಗಂಡ ಸತ್ತ ಅಕ್ಕನ ಮುಂದ ನಿಂತು ಉಡದಾರ ಕೊಡು ಅಂತ ಹೆಂಗ ಕೇಳ್ಯಾನ? ಈಗ ಕೇಳಿದ್ರೂ ಹುಡುಗಿ ಋಣ ಹರ್ಕೊಂಡಂಗ ಆಗ್ತದ ಅಂತಾನ. ನೀನೂ ಮೂಗಿ, ಅವನೂ ಮೂಗ. ಇಬ್ರ ನಡುವ ನಾ ಹೊಯ್ಕೋಬೇಕು."

ತಿರುಗಿ ಬರುವ ಬಸ್ಸಿನಲ್ಲಿ ನೇತ್ರಾವತಿ ಕಿಟಕಿಗೆ ತಲೆಯಾನಿಸಿ ಕುಳಿತಳು. ಅವ್ವನ ಟ್ರಂಕಿನ ತಳದಲ್ಲಿದ್ದ ಆ ಉಡದಾರವನ್ನು ಅವಳು ಎಷ್ಟೋ ಸಲ ತೆಗೆದು ನೋಡಿದ್ದಳು. ಅಪ್ಪನ ಗುರುತಿಗೆ ಒಂದು ಫೋಟೊ ಇತ್ತು, ಮಾವನ ಗುರುತಿಗೆ ಇದು. ಕೊಟ್ಟುಬಿಟ್ಟರೆ ನಾಳೆಯಿಂದ ಅವನು ಬರುವುದೂ ನಿಂತರೆ? ಋಣ ಹರಿಯುತ್ತದೆ ಎಂದು ಅವನಿಗೆ ಎಷ್ಟು ಹೆದರಿಕೆಯೋ ತನಗೂ ಅಷ್ಟೇ ಎಂಬುದು ಮರ್ಚಟಹಾಳ ದಾಟುವಷ್ಟರಲ್ಲಿ ಅವಳಿಗೆ ಹೊಳೆಯಿತು. ಮನೆ ಮುಟ್ಟಿ ಬಂಡೆಮ್ಮನ ಫೋನಿಗೆ ಕರೆ ಮಾಡಿದಳು.

"ಮಾವಗ ಕೊಡು ಅತ್ತಿ." ಆಮೇಲೆ ಒಂದೇ ಉಸಿರಿಗೆ, "ಮಾವಾ, ಉಡದಾರ ತರ್ತೀನಿ. ನಾಳೆ ಹತ್ತಕ್ಕ ಕೋರ್ಟಿನ ಹತ್ರ ಬಾ."

"ಆತವ್ವ," ಎಂದ ಮಾವ.

ಮರುದಿನ ಅವನು ಒಂಬತ್ತಕ್ಕೇ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ಒಗೆದ ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ನೋಟರಿ ಗುಲ್ಶನ್ ಬೇಗಂ ಅವರ ಮೇಜಿನ ಮುಂದೆ ನೇತ್ರಾವತಿ ಕರ್ಚೀಫು ಬಿಚ್ಚಿ ಉಡದಾರವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ತನ್ನ ಮಣಿಕಟ್ಟಿಗೆ ಸುತ್ತಿ ನೋಡಿದ. ಎರಡು ಸುತ್ತೂ ಬರಲಿಲ್ಲ.

"ಇಷ್ಟಽ ಇದ್ದೆಲ್ಲವ್ವ ನೀ," ಎಂದ.

"ಏನ್ರೀ ಯಜಮಾನ್ರಽ, ಬೆಳ್ಳಿ ತೂಗಾಕ ಬಂದೀರೋ, ಸಹಿ ಹಾಕಾಕೋ?" ಗುಲ್ಶನ್ ಬೇಗಂ ಕನ್ನಡಕದ ಮೇಲಿಂದ ನೋಡಿದರು.

"ಸಹೀನಾರೀ ಮೇಡಂ. ಇದು ಮೊದಲ ಆಗಬೇಕಿತ್ತು."

ಅವರು ಎರಡು ಸಾಲುಗಳನ್ನು ಓದಿ ಹೇಳಿದರು. ಮುದುಕಪ್ಪ ಚಪ್ಪಲಿ ಬಿಟ್ಟು ನಿಂತು ಒಂದೊಂದು ಮಾತನ್ನೂ ತಿರುಗಿ ನುಡಿದ. 'ಮಾತು ಕೊಟ್ಟಿಲ್ಲ' ಎನ್ನುವಾಗ ಒಮ್ಮೆ ಮುಷ್ಟಿಯೊಳಗಿನ ಉಡದಾರ ನೋಡಿಕೊಂಡ, ಆದರೆ ದನಿ ತಡವರಿಸಲಿಲ್ಲ. ಆಮೇಲೆ ನಾಲ್ಕು ಅಕ್ಷರದ ತನ್ನ ಹೆಸರನ್ನು ಗೀಟು ದಾಟದಂತೆ ನಿಧಾನವಾಗಿ ಬರೆದ. ಮುದ್ರೆ ಬಿತ್ತು.

ಹೊರಗೆ ಬಂದ ಮೇಲೆ ಅವನು ಕೇಳಿದ, "ಈಗಿದು ನಂದೇ ಆತಲ್ಲ?"

ನೇತ್ರಾವತಿ ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿದ್ದವು.

"ನಂದಾದ ಮ್ಯಾಲ ನಾ ಯಾರಿಗೆ ಬೇಕಾದ್ರೂ ಕೊಡ್ತೀನಿ." ಉಡದಾರವನ್ನು ಅವಳ ಕರ್ಚೀಫಿಗೇ ಹಾಕಿ ಗಂಟು ಬಿಗಿದ. "ನಿನ್ನ ಕೂಸಿಗೆ ಕಟ್ಟು. ಸೋದರಮಾವ ಕೊಟ್ಟಿದ್ದು ಅಂತ ಹೇಳು. ಕೊಡೋ ತರೋ ಮಾತು ಅಂತ ಬ್ಯಾರೆ ಏನೂ ಹೇಳಬ್ಯಾಡ ಮತ್ತ, ನಮ್ಮ ಸಣ್ಣಾವ ಇನ್ನೂ ನಾಲ್ಕನೇ ಕ್ಲಾಸು ಓದಾಕತ್ಯಾನ!"

ಅಳು ಬಂದದ್ದು ನಗುವಾಗಿ ಹೊರಬಿತ್ತು. "ಅತ್ತಿಗೆ ಏನ್ ಹೇಳ್ತಿ ಮಾವಾ?"

"ಕೊಟ್ಟು ಬಾ ಅಂತ ಹೇಳ್ದಾಕೀನೇ ಆಕಿ."

ಕೊರಿಯರ್ ಅಂಗಡಿ ಬಾಗಿಲು ಹಾಕುವ ಮೊದಲೇ ಫೈಲು ಲಕೋಟೆಯೊಳಗೆ ಹೋಯಿತು. ರಸೀದಿ ಹಿಡಿದು ನಿಂತಾಗ ಮಾವನ ಫೋನು ಬಡಿಯಿತು. ಬಂಡೆಮ್ಮನ ದನಿ ಅವನ ಕಿವಿ ದಾಟಿ ಇಡೀ ಅಂಗಡಿಗೆ ಕೇಳಿತು.

"ಆತೇನು? ಹದಿನೈದು ವರ್ಷಕ್ಕ ಸವತಿ ಕಾಟ ತಪ್ಪಿತು ನೋಡು ನಂದು! ಆಕೀನ್ನ ಊಟಕ್ಕ ಕರ್ಕೊಂಡು ಬಾ."