ಮುಚ್ಚಳದೊಳಗಿನ ಮೀನು

ನನ್ನ ತಂಗಿಯನ್ನು ಕಳ್ಳಿ ಎಂದವರು ಅವಳ ಅತ್ತೆಮನೆಯವರು. ಜೊತೆಗೆ ನನ್ನನ್ನೂ ಸೇರಿಸಿಕೊಂಡರು, ಯಾಕೆಂದರೆ ವಾಚು ರಿಪೇರಿ ಮಾಡುವವಳು ನಾನು. ತಂಗಿ ಅಸಲಿ ವಾಚು ತಂದುಕೊಟ್ಟಳಂತೆ, ಅಕ್ಕ ಅದನ್ನು ನುಂಗಿ ಅಂಥದೇ ನಕಲಿಯೊಂದನ್ನು ವಾಪಸ್ ಕಳಿಸಿದಳಂತೆ. ಕಥೆ ಎಷ್ಟು ಸಲೀಸಾಗಿ ಕೂಡಿಬಂತೆಂದರೆ ಕೇಳಿದ ನೆಂಟರೆಲ್ಲ ತಲೆಯಾಡಿಸಿದರು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ವಾಚು ತಂಗಿಯ ಮಾವನದು. ತಮ್ಮ ಮದುವೆಗೆ ಮುಂಚೆ, ಹಡಗಿನ ಕೆಲಸ ಬಿಟ್ಟು ಬಂದ ಇಂಜಿನಿಯರೊಬ್ಬನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಆ ಮನೆಗೆ ಹೋದವರಿಗೆ ಕುಡಿಯುವ ನೀರಿಗಿಂತ ಮೊದಲು ವಾಚಿನ ಪುರಾಣ ಸಿಗುತ್ತದೆ. ತೋಳು ಮಡಚಿ, ಮಣಿಕಟ್ಟು ತಿರುಗಿಸಿ, "ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ" ಎನ್ನುತ್ತಾರೆ. ಪಾಪ, ಮನುಷ್ಯನಿಗೆ ಇದ್ದ ಹೆಮ್ಮೆ ಅದೊಂದೇ.

ಅದರ ಪಟ್ಟಿ ಹರಿಯಿತು. "ನಿಮ್ಮಕ್ಕನ ಹತ್ರ ಹೊಸದು ಹಾಕಿಸ್ಕೊಂಡು ಬಾಮ್ಮ" ಎಂದು ಮಾವನೇ ತಂಗಿಯ ಕೈಗೆ ಕೊಟ್ಟರು. ನಾನು ಪಟ್ಟಿ ಹಾಕಿದೆ, ಗಾಜು ಒರೆಸಿದೆ, ವಾಪಸ್ ಕೊಟ್ಟೆ. ಹಿಂದಿನ ಮುಚ್ಚಳ ಬಿಚ್ಚಲಿಲ್ಲ. ಗಿರಾಕಿ ಕೇಳದೆ ಮುಚ್ಚಳ ಮುಟ್ಟಬಾರದು ಎಂಬುದು ನನಗೆ ಕೆಲಸ ಕಲಿಸಿದ ಮೇಷ್ಟ್ರ ಮೊದಲ ಪಾಠ. ಅಂದು ಆ ಪಾಠ ಮುರಿದು ಒಂದು ಸಲ ಒಳಗೆ ಇಣುಕಿದ್ದರೆ ಸಾಕಿತ್ತು. ಮರ್ಯಾದೆಯಾಗಿ ಕೆಲಸ ಮಾಡಿದ್ದೇ ಕುತ್ತಿಗೆಗೆ ಬಂತು.

ಸ್ವಲ್ಪ ದಿನ ಕಳೆದು ತಂಗಿಯ ಭಾವ, ಅಂದರೆ ಆ ಮನೆಯ ಹಿರಿಮಗ, ಅದಕ್ಕೆ ಏನು ಬೆಲೆ ಬಂದೀತು ಎಂದು ತಿಳಿಯಲು ಹಳೆ ವಾಚಿನ ವ್ಯಾಪಾರಿಯೊಬ್ಬನ ಬಳಿ ಹೋದ. ಮುಂದೆ ತನಗೇ ಬರುವ ವಸ್ತು, ಈಗಲೇ ತೂಗಿ ನೋಡಿಕೊಂಡರೆ ತಪ್ಪೇನು. ವ್ಯಾಪಾರಿ ಬಿಚ್ಚಿ ನೋಡಿ, ಅಸಲಿ ಅಲ್ಲ ಎಂದ. ಅಲ್ಲಿಂದ ಶುರುವಾಯಿತು ರಾಮಾಯಣ. ವಾಚು ಮನೆಯಿಂದ ಆಚೆ ಹೋಗಿದ್ದು ಯಾವಾಗ, ಯಾರ ಕೈಯಲ್ಲಿ, ಯಾರ ಅಂಗಡಿಗೆ? ತಂಗಿಯ ಪೆಟ್ಟಿಗೆ ತೆಗೆಸಿ ನೋಡಿದರು. ಭಾವ ಕೂತಲ್ಲೇ ನೆಂಟರಿಗೆಲ್ಲ ಫೋನು ಹಚ್ಚಿದ. ತಂಗಿಯ ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ, ಆದರೆ ಅಂದಿನಿಂದ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಎಂದಳು ತಂಗಿ.

ಇದನ್ನೆಲ್ಲ ಅವಳು ಹೇಳಿದ್ದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು. ಎಲ್ಲ ಹೇಳಿ ಮುಗಿಸಿ, ನೆಲ ನೋಡುತ್ತ, "ಅಕ್ಕಾ, ನೀನು ನಿಜವಾಗ್ಲೂ ಬಿಚ್ಚಲಿಲ್ಲ ತಾನೆ?" ಎಂದಳು.

ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ನಾನು ಎತ್ತಿ ಆಡಿಸಿದ ಕೂಸು ಅದು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಬಾಯಲ್ಲಿ ಆ ಪ್ರಶ್ನೆ ಬರುವ ಹಾಗೆ ಮಾಡಿದವರ ಮೇಲೆ ಬಂತು. ಅಂಗಡಿಯ ಬಾಗಿಲು ಎಳೆದುಕೊಂಡು ಅವಳ ಜೊತೆಗೇ ಹೊರಟೆ.

ಅವರ ಮನೆಯಲ್ಲಿ ವಾಚನ್ನು ನನ್ನ ಕೈಗೆ ಕೊಡುವ ಮಾತೇ ಇರಲಿಲ್ಲ. "ನನ್ನ ಕೈಗೆ ಬೇಡ. ನೀವು ನಂಬಿದ ಆ ವ್ಯಾಪಾರಿ ಹತ್ರಾನೇ ಹೋಗೋಣ. ಎಲ್ಲರೂ ಬನ್ನಿ, ಎಲ್ಲರ ಎದುರಿಗೇ ಬಿಚ್ಚಲಿ" ಎಂದೆ. ಅತ್ತೆ ತಲೆನೋವೆಂದರು. "ತಲೆನೋವಿದ್ರೂ ಬನ್ನಿ ಅಮ್ಮ, ಅಲ್ಲಿ ಕುರ್ಚಿ ಇರತ್ತೆ" ಎಂದು ನಾನೇ ಅವರ ಚಪ್ಪಲಿ ತಂದಿಟ್ಟೆ.

ವ್ಯಾಪಾರಿ ಬೋಳುತಲೆಯ ನಿಧಾನದ ಮನುಷ್ಯ. ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ದೀಪವನ್ನು ಹತ್ತಿರಕ್ಕೆ ಬಗ್ಗಿಸಿ, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. "ನೋಡಿ, ಅಕ್ಷರದ ಅಂಚು ಹರಡಿದೆ. ಕಂಪನಿಯವರು ಅಚ್ಚು ಹಾಕಿದ್ದು ಹೀಗಿರಲ್ಲ. ಇದು ಹಳೇ ಡಯಲಿನ ಮೇಲೆ ಮತ್ತೆ ಬಣ್ಣ ಹೊಡೆದು ಬರೆದಿದ್ದು. ಮೆಷಿನ್ನು ಬೇರೆ ಕಂಪನೀದು. ಅದಕ್ಕೇ ಚಾವಿ ಕೊಡೋ ಕಡ್ಡಿ ಪಕ್ಕದ ತೂತಿನ ನಡುವೆ ಸರಿಯಾಗಿ ಕೂತಿಲ್ಲ."

"ಕೇಳಿದ್ರಾ?" ಎಂದ ಭಾವ ನನ್ನತ್ತ ತಿರುಗಿ.

"ನನಗೂ ಕಿವಿ ಇದೆ" ಎಂದೆ. "ಸರ್, ಮುಚ್ಚಳದ ಒಳಗೆ ಏನೇನು ಗುರುತಿದೆ ಸ್ವಲ್ಪ ಓದಿ."

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ವಾಚು ಬಿಚ್ಚಿ ಕೆಲಸ ಮಾಡಿದವರು ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ಇಸವಿಯನ್ನೂ ಸಣ್ಣಗೆ ಗೀಚುತ್ತಾರೆ. ಒಳಗಿನ ಮೆಷಿನ್ನು ಬದಲಾಗಿದ್ದರೆ ಪಕ್ಕಕ್ಕೆ ಒಂದು ಅಡ್ಡಗೆರೆ. ಮುಂದೆ ಬಿಚ್ಚುವವನು ಮೋಸ ಹೋಗಬಾರದಲ್ಲ. ಗಿರಾಕಿಗೆ ಅದು ಕಾಣುವುದೂ ಇಲ್ಲ, ಬೇಕಾಗುವುದೂ ಇಲ್ಲ.

ವ್ಯಾಪಾರಿ ಮುಚ್ಚಳವನ್ನು ದೀಪಕ್ಕೆ ವಾಲಿಸಿದ. "ಒಂದು ಮೀನಿದೆ. ಪಕ್ಕಕ್ಕೆ ಅಡ್ಡಗೆರೆ. ಈ ಮೀನು ನನಗೂ ಗೊತ್ತು. ಒಳ್ಳೇ ಕೆಲಸಗಾರ, ತೀರಿಕೊಂಡು ಎಷ್ಟೋ ಕಾಲ ಆಯ್ತು."

ಆ ಮೀನು ನನ್ನ ಮೇಷ್ಟ್ರದು. ಅವರು ಹೋದದ್ದು ನನ್ನ ತಂಗಿ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ.

"ಇವರೇ ಈಗ ಗೀಚಿರಬಹುದಲ್ಲ?" ಎಂದ ಭಾವ.

"ಹೊಸ ಗೀರು ಹೊಳೆಯತ್ತೆ. ಇದರೊಳಗೆ ಎಣ್ಣೆ ಕೂತು ಕಪ್ಪಾಗಿದೆ" ಎಂದ ವ್ಯಾಪಾರಿ. "ನೀವು ಅವತ್ತು ಅಸಲಿಯೋ ನಕಲಿಯೋ ಅಂತ ಕೇಳಿದ್ರಿ, ಹೇಳಿದೆ. ಯಾವಾಗಿಂದ ನಕಲಿ ಅಂತ ಕೇಳಲಿಲ್ಲ." ಆಮೇಲೆ ಇಸವಿ ಓದಿದ.

ಮಾವ ಕುರ್ಚಿಯ ತೋಳು ಹಿಡಿದುಕೊಂಡರು. "ಆ ವರ್ಷ ನಾನು ಕಾಲು ಮುರ್ಕೊಂಡು ಆಸ್ಪತ್ರೇಲಿ ಬಿದ್ದಿದ್ದೆ. ವಾಚು ಮನೇಲೇ ಇತ್ತಲ್ಲ" ಎಂದು ಹೆಂಡತಿಯ ಮುಖ ನೋಡಿದರು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ದೊಡ್ಡವನನ್ನ ಕಾಲೇಜಿಗೆ ಸೇರಿಸ್ಬೇಕಿತ್ತು. ನೀವು ಮಲಗಿದ್ರಿ. ನಾನು ಯಾರನ್ನ ಕೇಳ್ಲಿ? ಮಾರಿಬಿಟ್ಟೆ. ನಿಮಗೆ ಗೊತ್ತಾದ್ರೆ ಎದೆ ಒಡ್ಕೋತೀರ ಅಂತ ಹಾಗೇ ಕಾಣೋದೊಂದು ಮಾಡಿಸಿಟ್ಟೆ."

ಆ ನಕಲಿ ಮಾಡಿಕೊಟ್ಟ ಮೇಷ್ಟ್ರ ಮೇಲೂ ನನಗೆ ಒಂದು ಗಳಿಗೆ ಸಿಟ್ಟು ಬಂತು. ಆದರೆ ಆ ಪುಣ್ಯಾತ್ಮ ಮುಚ್ಚಳದೊಳಗಾದರೂ ನಿಜ ಬರೆದಿಟ್ಟಿದ್ದರು.

ಭಾವ ಅಮ್ಮನ ಕೈ ಹಿಡಿದು ಗೊಳೋ ಎಂದು ಅತ್ತ. "ಇಷ್ಟು ವರ್ಷ ಒಬ್ಳೇ ಹೊತ್ಕೊಂಡಿದ್ದೆಯಲ್ಲೇ" ಎಂದು ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಂಗಿಯ ಗಂಡನಿಗೂ ಆಗ ಮಾತು ಬಂತು, "ಅಮ್ಮ, ನೀರು ಕುಡಿ" ಎಂದ. ಎಲ್ಲರೂ ಆ ಕುರ್ಚಿಯ ಸುತ್ತ ನೆರೆದರು. ನನ್ನ ತಂಗಿ ಬಾಗಿಲ ಹತ್ತಿರ, ಮಾರಾಟಕ್ಕಿಟ್ಟ ಗೋಡೆ ಗಡಿಯಾರಗಳ ಕೆಳಗೆ ಒಬ್ಬಳೇ ನಿಂತಿದ್ದಳು. ಒಬ್ಬರಾದರೂ ಅವಳತ್ತ ತಿರುಗಿ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅಮ್ಮ, ನೀವು ಮಾರಿದ್ದಕ್ಕೆ ನಾನೇನೂ ಅನ್ನಲ್ಲ. ಮಕ್ಕಳಿಗೋಸ್ಕರ ಯಾರಾದ್ರೂ ಮಾರ್ತಾರೆ. ಆದ್ರೆ ಆ ಬೀರುವಿನ ಕೀಲಿ ಸೊಂಟಕ್ಕೆ ಯಾಕೆ ಬಂತು, ಅದೊಂದು ಹೇಳಿ. ಮನೇಲಿ ಕಳ್ಳರಿಲ್ಲ ಅಂತ ಗೊತ್ತಿದ್ದಿದ್ದು ನಿಮಗೊಬ್ಬರಿಗೇ."

ಭಾವ ಮೂಗೊರೆಸಿಕೊಂಡು, "ಈಗ್ಯಾಕೆ ಅದೆಲ್ಲ. ಅಮ್ಮ ಮೊದಲೇ ನೊಂದಿದಾರೆ" ಎಂದ. ಮಾವ ಎದ್ದು ನಿಂತು, "ಆಗಿದ್ದು ಆಗೋಯ್ತು ಬಿಡಮ್ಮ, ನಡಿ ಮನೆಗೆ" ಎಂದು ತಂಗಿಗೆ ಹೇಳಿದರು.

ತಂಗಿ ಅಲ್ಲಾಡಲಿಲ್ಲ. ಅವಳು ಹುಟ್ಟಿದಾಗಿನಿಂದ ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ, ಆಗಲೂ ಏರಿಸಲಿಲ್ಲ. "ಆಗಿದ್ದು ನನಗೆ, ಮಾವ. ಆಗೋಯ್ತು ಅಂತ ನಾನು ಹೇಳ್ಬೇಕು."

ಅತ್ತೆ ಸೊಂಟದಿಂದ ಕೀಲಿ ಕಿತ್ತು ಅವಳ ಕಡೆ ಚಾಚಿದರು.

"ಅದು ನನಗೆ ಬೇಡ ಅತ್ತೆ. ನೆಂಟರಿಗೆಲ್ಲ ಫೋನ್ ಮಾಡಿ ನಾನು ಕದ್ದೆ ಅಂತ ಹೇಳಿದ್ರಲ್ಲ. ಅವರಿಗೆಲ್ಲ ಮತ್ತೆ ಫೋನ್ ಮಾಡಿ. ಭಾವ ಅಲ್ಲ, ನೀವು ಮಾಡಿ. ಅಲ್ಲಿವರೆಗೆ ನಾನು ಇಲ್ಲೇ ಕೂತಿರ್ತೀನಿ." ಹೇಳಿ, ಗಿರಾಕಿಗಳ ಬೆಂಚಿನ ಮೇಲೆ ಕೂತೇಬಿಟ್ಟಳು.

ಭಾವ ಬೀದಿಯ ಕಡೆ ನೋಡಿದ. ಕೊನೆಗೆ ತಂಗಿಯ ಗಂಡ ಜೇಬಿನಿಂದ ಫೋನ್ ತೆಗೆದು, ನಂಬರ್ ಒತ್ತಿ, ಅಮ್ಮನ ಕೈಗಿಟ್ಟು ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ತಡವಾಯಿತು, ಆದರೂ ಕೂತ.

ವ್ಯಾಪಾರಿ ಮುಚ್ಚಳವನ್ನೂ ಸೂಜಿಯನ್ನೂ ನನ್ನ ಕಡೆ ಸರಿಸಿದ. ನಾನು ಮೀನಿನ ಕೆಳಗೆ ನನ್ನ ಗುರುತಾದ ಎಲೆಯನ್ನು ಗೀಚಿದೆ, ಅದರ ಪಕ್ಕಕ್ಕೆ ಈ ವರ್ಷದ ಇಸವಿ. ಅಡ್ಡಗೆರೆ ಹಾಕಲಿಲ್ಲ. ಬೆನ್ನ ಹಿಂದೆ ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು: "ಹಲೋ, ನಾನು ಕಣೆ. ವಾಚಿನ ವಿಷಯ. ನಮ್ಮ ಸೊಸೆ ಕದ್ದಿಲ್ಲ."